ನೋವಿನ ಹೊಸ ಗುಳಿಗೆ: ಭಕ್ತರು ತಿಳಿಯಬೇಕಾದ ವಿಚಾರ

ದೇಹವುಳ್ಳವರಿಗೆ ನೋವು ತಪ್ಪಿದ್ದಲ್ಲ. ಮಲ್ಲಟ ಸೀಮೆಯಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವ ದಿನಗಳು ಬಂದವೆಂದರೆ ಸೊಂಟ, ಮೊಣಕಾಲು ಹಿಡಿದವರು ನಮ್ಮಲ್ಲಿಗೆ ಬರುತ್ತಾರೆ. ಯುಗಾದಿಯ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಚೀಲದಲ್ಲಿ ವಿಭೂತಿಯೊಡನೆ ನೋವಿನ ಗುಳಿಗೆಗಳೂ ಇರುತ್ತವೆ. ಇತ್ತೀಚೆಗೆ ಕೆಲವರು, “ಚಟ ಹಿಡಿಸದ ಹೊಸ ಗುಳಿಗೆ ಬಂದಿದೆಯಂತೆ, ನಿಜವೇ?” ಎಂದು ಕೇಳುತ್ತಿದ್ದಾರೆ. ಅದಕ್ಕೆ ಉತ್ತರವಾಗಿ ಈ ಲೇಖನ.

ಮಾತು ನಿಜ. ಸುಜೆಟ್ರಿಜಿನ್ ಎಂಬ ಔಷಧಿಗೆ 2025ರ ಜನವರಿ 30ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಒಪ್ಪಿಗೆ ನೀಡಿತು. ವರ್ಟೆಕ್ಸ್ ಕಂಪನಿ ಅದನ್ನು ಜರ್ನಾವೆಕ್ಸ್ ಎಂಬ ಹೆಸರಿನಲ್ಲಿ ತಯಾರಿಸುತ್ತದೆ. ಗಾಯವಾದ ಜಾಗದಿಂದ ನೋವಿನ ಸುದ್ದಿಯು ನರಗಳ ಮೂಲಕ ಮೆದುಳಿಗೆ ಸಾಗುವಾಗ ಸೋಡಿಯಂ ದ್ವಾರಗಳು ತೆರೆಯಬೇಕಾಗುತ್ತದೆ. ಅವುಗಳಲ್ಲಿ ನೋವಿನ ನರಗಳಿಗೇ ಮೀಸಲಾದಂಥ ಒಂದು ದ್ವಾರವನ್ನು ಈ ಔಷಧಿ ಮುಚ್ಚುತ್ತದೆ. ಸುದ್ದಿ ದಾರಿಯಲ್ಲಿಯೇ ತಡೆಯಲ್ಪಡುವುದರಿಂದ ಮೆದುಳಿಗೆ ಮಂಪರು ಕವಿಯುವುದಿಲ್ಲ.

ಅಫೀಮಿನ ಬಗೆಯ ಔಷಧಿಗಳ ದಾರಿ ಬೇರೆ. ಆಯುರ್ವೇದದ ಮಧ್ಯಕಾಲೀನ ಗ್ರಂಥಗಳು ಅಹಿಫೇನವೆಂದು ಕರೆದ ಅಫೀಮಿನಿಂದ ಮಾರ್ಫಿನ್ ದೊರೆಯುತ್ತದೆ. ಟ್ರಮಡಾಲ್ ಅದೇ ಗುಣದ ಕೃತಕ ಔಷಧಿ. ಇವು ಮೆದುಳು, ಬೆನ್ನುಹುರಿಗಳಲ್ಲಿ ನೋವಿನ ಅರಿವನ್ನೇ ಕುಂದಿಸುತ್ತವೆ. ಮಲಬದ್ಧತೆ, ತೂಕಡಿಕೆ ತರುತ್ತವೆ. ಪ್ರಮಾಣ ಮೀರಿದರೆ ಉಸಿರೇ ಕುಂದೀತು. ದುರ್ಬಳಕೆ ಹೆಚ್ಚಿದ್ದರಿಂದ 2018ರಲ್ಲಿ ನಮ್ಮ ದೇಶವು ಟ್ರಮಡಾಲನ್ನು ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ತಂದಿತು. ಆದರೆ ಅರ್ಬುದ ರೋಗದ ಘೋರ ವೇದನೆಗೆ ವೈದ್ಯರು ಮಾರ್ಫಿನ್ ಕೊಟ್ಟಾಗ ಮನೆಯವರು ಚಟದ ಭಯದಿಂದ ಅದನ್ನು ತಡೆಯಬಾರದು. ಅಲ್ಲಿ ಅದು ಕರುಣೆಯ ಔಷಧಿ.

ಹೊಸ ಗುಳಿಗೆಯ ಮಿತಿಗಳನ್ನೂ ಅರಿಯಬೇಕು. ಶಸ್ತ್ರಚಿಕಿತ್ಸೆಯಾದ ರೋಗಿಗಳ ಮೇಲೆ ನಡೆದ ಎರಡು ದೊಡ್ಡ ಪ್ರಯೋಗಗಳಲ್ಲಿ ಅದು ಹುಸಿ ಗುಳಿಗೆಗಿಂತ ಮೇಲೆನಿಸಿತು. ಅಫೀಮಿನ ಬಗೆಯ ಹೈಡ್ರೊಕೊಡೋನ್ ಮತ್ತು ಪ್ಯಾರಾಸಿಟಮಾಲ್ ಮಿಶ್ರಣವನ್ನು ಮೀರಿಸಲಿಲ್ಲ. ಒಪ್ಪಿಗೆ ದೊರೆತದ್ದು ವಯಸ್ಕರ ತೀವ್ರವಾದ ಅಲ್ಪಾವಧಿಯ ನೋವಿಗೆ ಮಾತ್ರ. ಸೊಂಟದಿಂದ ಕಾಲಿಗಿಳಿಯುವ ಗೃಧ್ರಸಿಯಂಥ ನೋವಿನ ಪ್ರಯೋಗದಲ್ಲಿ ಹುಸಿ ಗುಳಿಗೆಗೂ ಅದಕ್ಕೂ ಹೆಚ್ಚಿನ ಅಂತರ ಕಾಣಲಿಲ್ಲ. ಬಿಡುಗಡೆಯಾದಾಗ ಒಂದು ಗುಳಿಗೆಯ ಬೆಲೆ 15.50 ಡಾಲರ್, ಅಂದರೆ ಸುಮಾರು 1,300 ರೂಪಾಯಿ. ವರ್ಷಗಟ್ಟಲೆ ಮೊಣಕಾಲು ನೋಯುವವರು ಇದಕ್ಕಾಗಿ ಕಾಯಬೇಕಾಗಿಲ್ಲ.

ನಮ್ಮ ಭಾಗದಲ್ಲಿ ಅಫೀಮಿಗಿಂತ ಹೆಚ್ಚಾಗಿ ನಮ್ಮನ್ನು ಚಿಂತೆಗೀಡುಮಾಡುವುದು ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳ ಮನಬಂದ ಸೇವನೆ. ಬಾವು ಇಳಿಸುವ ಈ ಗುಳಿಗೆಗಳು ಶರೀರದ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯವನ್ನು ತಗ್ಗಿಸುತ್ತವೆ. ಹೊಟ್ಟೆಯ ಒಳಪದರವನ್ನು ಕಾಯುವುದೂ, ಮೈಯಲ್ಲಿ ನೀರು ಬತ್ತಿದಾಗ ಮೂತ್ರಪಿಂಡಗಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಅದೇ ದ್ರವ್ಯ. ಚೈತ್ರದ ಬಿಸಿಲಲ್ಲಿ ಬೆವರು ಸುರಿಸಿ ನಡೆಯುತ್ತ, ನೀರು ಕಡಿಮೆ ಕುಡಿದು, ಬರಿಹೊಟ್ಟೆಯಲ್ಲಿ ಈ ಗುಳಿಗೆ ನುಂಗಿದರೆ ಮೂತ್ರಪಿಂಡಕ್ಕೇ ಪೆಟ್ಟು. ರಕ್ತದೊತ್ತಡ, ಮಧುಮೇಹ, ಹೃದಯರೋಗ ಇರುವವರಿಗೆ ಅಪಾಯ ಇನ್ನೂ ಹೆಚ್ಚು. ಮೂತ್ರ ಕಡಿಮೆಯಾದರೆ, ಮುಖ ಕಾಲು ಊದಿದರೆ, ಮಲ ಕಪ್ಪಾದರೆ ಗುಳಿಗೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು.

ಸಾಮಾನ್ಯ ನೋವಿಗೆ ಮೊದಲು ವಿಶ್ರಾಂತಿ, ಬೆಚ್ಚಗಿನ ಎಳ್ಳೆಣ್ಣೆಯ ಅಭ್ಯಂಗ, ಲಕ್ಕಿ ಸೊಪ್ಪಿನ ಶಾಖ. ಕೆಂಪಾಗಿ ಊದಿ ಬಿಸಿಯೇರಿದ ಕೀಲಿಗೆ ಶಾಖವಾಗಲಿ ತಿಕ್ಕುವುದಾಗಲಿ ಸಲ್ಲದು. ಗುಳಿಗೆ ಬೇಕೇಬೇಕಾದರೆ ಯಕೃತ್ತಿನ ದೋಷವಿಲ್ಲದವರು, ಮದ್ಯಪಾನಿಗಳಲ್ಲದವರು ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಬಹುದು. ಸಂತೆಯಲ್ಲಿ ಮಾರುವ ಹೆಸರಿಲ್ಲದ “ವಾತದ ಪುಡಿ”ಗಳನ್ನು ಆಯುರ್ವೇದವೆಂದು ನಂಬಬೇಡಿರಿ; ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು.

ನಿದಾನ ಪರಿವರ್ಜನ, ಅಂದರೆ ಕಾರಣವನ್ನು ದೂರಮಾಡುವುದೇ ಮೊದಲ ಚಿಕಿತ್ಸೆಯೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಹೊಸದಿರಲಿ ಹಳೆಯದಿರಲಿ, ಗುಳಿಗೆಯು ನೋವನ್ನು ಮರೆಸಬಲ್ಲದು. ನೋವು ಏಕೆ ಬಂತೆಂಬುದನ್ನು ಕಂಡುಕೊಳ್ಳಲು ವೈದ್ಯರ ಬಳಿಗೇ ಬರಬೇಕು. ಬರುವಾಗ ಮನೆಯಲ್ಲಿ ನುಂಗುತ್ತಿರುವ ಗುಳಿಗೆಗಳನ್ನೆಲ್ಲ ತಪ್ಪದೆ ಜೊತೆಗೆ ತರಬೇಕು.