ಕೇಕ್ ಅಲಂಕಾರಕ್ಕೆ ಕರಗದೆ ನಿಲ್ಲುವ ಹಾಲಿನ ಕೆನೆ: ತಯಾರಿಕೆಯ ವಿಧಾನ ಮತ್ತು ಮುನ್ನೆಚ್ಚರಿಕೆಗಳು

ಹುಟ್ಟುಹಬ್ಬ, ನಿಶ್ಚಿತಾರ್ಥ ಮುಂತಾದ ಸಮಾರಂಭಗಳಲ್ಲಿ ಕೇಕ್ ಕತ್ತರಿಸುವ ರೂಢಿ ಇಂದು ಹೋಬಳಿ ಮಟ್ಟದ ಊರುಗಳಿಗೂ ತಲುಪಿದೆ. ಈ ಬೇಡಿಕೆಯನ್ನು ಕಂಡು ಅನೇಕ ರೈತ ಮಹಿಳೆಯರು ಹಾಗೂ ಸ್ವಸಹಾಯ ಸಂಘಗಳ ಸದಸ್ಯರು ಮನೆಯಲ್ಲಿಯೇ ಕೇಕ್ ತಯಾರಿಸಿ ಮಾರುತ್ತಿದ್ದಾರೆ. ಆದರೆ ಕೇಕಿನ ಮೇಲೆ ಬಳಿಯುವ ಬಿಳಿಯ ಕ್ರೀಮ್ ಬಹುಪಾಲು ಹಾಲಿನದಲ್ಲ. ಅದು ಸಸ್ಯಜನ್ಯ ಕೊಬ್ಬು, ಸಕ್ಕರೆ ಮತ್ತು ಸ್ಥಿರಕಾರಕಗಳಿಂದ ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಪದಾರ್ಥ. ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಿಕೊಂಡಿರುವ ಕುಟುಂಬವೂ ಪೇಟೆಯಿಂದ ಈ ಕ್ರೀಮನ್ನು ಕೊಂಡು ತರುತ್ತದೆ. ಇದಕ್ಕೆ ಕಾರಣ ಒಂದೇ: ಹಾಲಿನ ಕೆನೆಯಿಂದ ಮಾಡಿದ ಅಲಂಕಾರ ಬೇಗ ಕರಗಿ ಇಳಿಯುತ್ತದೆ ಎಂಬ ಅಳುಕು. ಈ ಅಳುಕಿಗೆ ಆಧಾರವಿದೆ, ಪರಿಹಾರವೂ ಇದೆ. ಕೆನೆ ಏಕೆ ಇಳಿಯುತ್ತದೆ, ಅದನ್ನು ಹೇಗೆ ನಿಲ್ಲಿಸಬಹುದು ಮತ್ತು ಎಲ್ಲಿ ನಿಲ್ಲಿಸಲಾಗದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೆನೆ ನೊರೆಯಾಗಿ ನಿಲ್ಲುವುದು ಹೇಗೆ?

ಹಾಲಿನಲ್ಲಿ ಜಿಡ್ಡು ಅತಿ ಸೂಕ್ಷ್ಮ ಕಣಗಳ ರೂಪದಲ್ಲಿರುತ್ತದೆ. ಪ್ರತಿಯೊಂದು ಕಣದ ಸುತ್ತಲೂ ತೆಳುವಾದ ಪೊರೆಯಿದ್ದು, ಅದು ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಕೆನೆಯನ್ನು ಚೆನ್ನಾಗಿ ತಂಪುಗೊಳಿಸಿದಾಗ ಕಣದೊಳಗಿನ ಜಿಡ್ಡಿನ ಒಂದು ಭಾಗ ಹರಳುಗಟ್ಟುತ್ತದೆ. ಅಂತಹ ಕೆನೆಯನ್ನು ಬೀಟರಿನಿಂದ ರಭಸವಾಗಿ ಕಲಕಿದಾಗ ಗಾಳಿಗುಳ್ಳೆಗಳು ಒಳಸೇರುತ್ತವೆ, ಹರಳುಗಳು ಪೊರೆಯನ್ನು ಚುಚ್ಚುತ್ತವೆ, ಮತ್ತು ಕಣಗಳು ಭಾಗಶಃ ಅಂಟಿಕೊಂಡು ಗುಳ್ಳೆಗಳ ಸುತ್ತ ಬೇಲಿಯಂತೆ ಕಟ್ಟಿಕೊಳ್ಳುತ್ತವೆ. ಈ ಬೇಲಿಯೇ ನೊರೆಯನ್ನು ಹಿಡಿದಿಡುವ ಆಧಾರ. ಸರಿಯಾಗಿ ಬೀಟ್ ಮಾಡಿದ ಕೆನೆಯ ಗಾತ್ರ ಸುಮಾರು ಎರಡರಷ್ಟಾಗುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಜಿಡ್ಡು ಸಾಕಷ್ಟಿಲ್ಲದಿದ್ದರೆ ಬೇಲಿ ಕಟ್ಟಿಕೊಳ್ಳುವುದಿಲ್ಲ. ಎರಡನೆಯದಾಗಿ, ಕೆನೆ ಬೆಚ್ಚಗಿದ್ದರೆ ಹರಳುಗಳಿರುವುದಿಲ್ಲ. ಮೂರನೆಯದಾಗಿ, ಹದ ಮೀರಿ ಬೀಟ್ ಮಾಡಿದರೆ ಕಣಗಳು ಪೂರ್ತಿಯಾಗಿ ಕೂಡಿಕೊಂಡು ಬೆಣ್ಣೆಯಾಗುತ್ತದೆ. ಮಜ್ಜಿಗೆ ಕಡೆದು ಬಲ್ಲವರಿಗೆ ಈ ಕೊನೆಯ ಹಂತ ಚಿರಪರಿಚಿತ.

ಯಾವ ಕೆನೆ ಯೋಗ್ಯ?

ಶೇ. 35ರಿಂದ 38ರಷ್ಟು ಜಿಡ್ಡಿನಂಶವಿರುವ ಕೆನೆ ಇದಕ್ಕೆ ಅತ್ಯುತ್ತಮ. ಶೇ. 30ಕ್ಕಿಂತ ಕಡಿಮೆಯಿದ್ದರೆ ನೊರೆ ನಿಲ್ಲುವುದಿಲ್ಲ. ಆದ್ದರಿಂದಲೇ ಅಂಗಡಿಯಲ್ಲಿ ದೊರೆಯುವ, ಶೇ. 20–25 ಜಿಡ್ಡಿರುವ ಅಡುಗೆಯ ಫ್ರೆಶ್ ಕ್ರೀಮ್ ಎಷ್ಟು ಹೊತ್ತು ಬೀಟ್ ಮಾಡಿದರೂ ಗಟ್ಟಿಯಾಗದು.

ಕಾಯಿಸಿದ ಹಾಲಿನ ಮೇಲೆ ಕಟ್ಟುವ ಕೆನೆಯೂ ಈ ಕೆಲಸಕ್ಕೆ ಬಾರದು. ಅದರಲ್ಲಿ ಜಿಡ್ಡಿನೊಂದಿಗೆ ಹೆಪ್ಪುಗಟ್ಟಿದ ಪ್ರೋಟೀನಿನ ಪದರವಿರುವುದರಿಂದ ಗಂಟುಗಂಟಾಗುತ್ತದೆ. ಹಲವು ದಿನ ಕೂಡಿಟ್ಟ ಕೆನೆ ಹುಳಿಯಾಗಿರುತ್ತದೆ. ಅದು ಬೆಣ್ಣೆ, ತುಪ್ಪಗಳಿಗೆ ಮಾತ್ರ ಸೂಕ್ತ. ಕೈಯಿಂದ ತಿರುಗಿಸುವ ಅಥವಾ ವಿದ್ಯುತ್ ಚಾಲಿತ ಕೆನೆ ಬೇರ್ಪಡಿಸುವ ಯಂತ್ರದಿಂದ ಹಸಿ ಹಾಲಿನಲ್ಲಿ ತೆಗೆದ ಕೆನೆಯನ್ನೇ ಬಳಸಬೇಕು.

ಎಮ್ಮೆ ಹಾಲಿನ ಜಿಡ್ಡಿನ ಕಣಗಳು ಹಸುವಿನ ಹಾಲಿನ ಕಣಗಳಿಗಿಂತ ದೊಡ್ಡವು. ಜಿಡ್ಡು ಕೂಡ ತುಸು ಗಡುಸು. ಕ್ಯಾರೋಟಿನ್ ಇಲ್ಲದ ಕಾರಣ ಬಣ್ಣ ಅಚ್ಚಬಿಳುಪು. ಹೀಗಾಗಿ ಅಲಂಕಾರಕ್ಕೆ ಎಮ್ಮೆ ಹಾಲಿನ ಕೆನೆ ಹೆಚ್ಚು ಅನುಕೂಲ. ಹಸುವಿನ ಕೆನೆಯೂ ಆಗಬಹುದು, ಆದರೆ ಬಣ್ಣ ನಸುಹಳದಿಯಾಗಿರುತ್ತದೆ.

ಮೇವಿನ ಪಾತ್ರ

ಕೆನೆಯ ಗುಣ ಕೊಟ್ಟಿಗೆಯಲ್ಲಿಯೇ ಆರಂಭವಾಗುತ್ತದೆ. ನಾರಿನಂಶವುಳ್ಳ ಮೇವು ರಾಸಿನ ಮೊದಲ ಹೊಟ್ಟೆಯಲ್ಲಿ ಹುದುಗಿ ಅಸಿಟಿಕ್ ಆಮ್ಲವಾಗುತ್ತದೆ. ಹಾಲಿನ ಜಿಡ್ಡಿನ ಉತ್ಪತ್ತಿಗೆ ಇದು ಮುಖ್ಯ ಮೂಲವಸ್ತು. ಒಣಮೇವನ್ನು ಕಡಿತಗೊಳಿಸಿ ಹಿಂಡಿ, ಧಾನ್ಯಗಳನ್ನೇ ಹೆಚ್ಚಿಸಿದರೆ ಜಿಡ್ಡಿನಂಶ ಕುಸಿಯುತ್ತದೆ. ಆದುದರಿಂದ ಜೋಳದ ಸೊಪ್ಪೆ ಅಥವಾ ರಾಗಿ ಹುಲ್ಲಿನಂತಹ ಒಣಮೇವನ್ನು ಹಸಿರು ಮೇವಿನೊಂದಿಗೆ ತಪ್ಪದೆ ಒದಗಿಸಬೇಕು. ಹತ್ತಿಬೀಜ ತಿನ್ನಿಸಿದ ರಾಸುಗಳ ಹಾಲಿನ ಜಿಡ್ಡು ಗಡುಸಾಗಿರುತ್ತದೆ; ಹಸಿರು ಮೇವೇ ಹೆಚ್ಚಾದಾಗ ಜಿಡ್ಡು ಮೃದುವಾಗುತ್ತದೆ. ಒಂದೇ ವಿಧಾನದಲ್ಲಿ ಮಾಡಿದರೂ ಮಳೆಗಾಲದಲ್ಲಿ ಮತ್ತು ಬೇಸಿಗೆಯಲ್ಲಿ ಕೆನೆಯ ಹದ ಬೇರೆಯಾಗಲು ಇದೂ ಒಂದು ಕಾರಣ.

ಕೆನೆಯನ್ನು ಸಿದ್ಧಪಡಿಸುವುದು

1. ಕರೆದ ಎರಡು ಗಂಟೆಯೊಳಗೆ ಹಾಲನ್ನು ಸೋಸಿ, 35–40 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ ಯಂತ್ರಕ್ಕೆ ಹಾಕಿ.

2. ಬಂದ ಕೆನೆಯ ಜಿಡ್ಡಿನಂಶವನ್ನು ತಿಳಿದುಕೊಳ್ಳಿ. 50 ಗ್ರಾಂ ಕೆನೆಯನ್ನು 450 ಗ್ರಾಂ ಕೆನೆ ತೆಗೆದ ಹಾಲಿನಲ್ಲಿ ಚೆನ್ನಾಗಿ ಬೆರೆಸಿ ಹಾಲು ಉತ್ಪಾದಕರ ಸಂಘದಲ್ಲಿ ಪರೀಕ್ಷಿಸಿ, ಬಂದ ಅಂಕಿಯನ್ನು 10ರಿಂದ ಗುಣಿಸಿದರೆ ಅಂದಾಜು ಸಿಗುತ್ತದೆ.

3. ಕೆನೆಯ ತೂಕವನ್ನು ಅದರ ಜಿಡ್ಡಿನ ಶೇಕಡಾ ಪ್ರಮಾಣದಿಂದ ಗುಣಿಸಿ 36ರಿಂದ ಭಾಗಿಸಿ. ಬರುವುದೇ ಸಿದ್ಧ ಕೆನೆಯ ತೂಕ. ಉದಾಹರಣೆಗೆ, ಶೇ. 50 ಜಿಡ್ಡಿನ 1 ಕಿ.ಗ್ರಾಂ ಕೆನೆಯಿಂದ 1.39 ಕಿ.ಗ್ರಾಂ ಆಗುತ್ತದೆ, ಅಂದರೆ 390 ಗ್ರಾಂ ಕೆನೆ ತೆಗೆದ ಹಾಲನ್ನು ಬೆರೆಸಬೇಕು.

4. ಕುದಿಯುವ ನೀರಿನ ಪಾತ್ರೆಯೊಳಗೆ ಕೆನೆಯ ಪಾತ್ರೆಯನ್ನಿಟ್ಟು, ತಿರುವುತ್ತಾ 80 ಡಿಗ್ರಿಗೆ ಬಿಸಿಮಾಡಿ, 5 ನಿಮಿಷ ಅದೇ ಶಾಖದಲ್ಲಿ ಇರಿಸಿ. ಥರ್ಮಾಮೀಟರ್ ಬಳಸುವುದು ಕಡ್ಡಾಯ. ಕಂದುರೋಗ ಸೇರಿದಂತೆ ಹಸಿ ಹಾಲಿನಿಂದ ಹರಡುವ ಸೋಂಕುಗಳನ್ನು ತಡೆಯುವ ಹಂತವಿದು. ಇದನ್ನು ಯಾವ ಕಾರಣಕ್ಕೂ ಬಿಡಬಾರದು.

5. ಕೂಡಲೇ ಐಸ್ ನೀರಿನಲ್ಲಿಟ್ಟು ತಣಿಸಿ, ಮುಚ್ಚಿ, ಫ್ರಿಜ್ಜಿನಲ್ಲಿ 4 ಡಿಗ್ರಿಯಲ್ಲಿ ಕನಿಷ್ಠ 12 ಗಂಟೆ ಇಡಿ. ಜಿಡ್ಡು ಹರಳುಗಟ್ಟಲು ಈ ವಿರಾಮ ಬೇಕು. ಬೆಳಗಿನ ಕೆನೆಯನ್ನು ಅದೇ ಮಧ್ಯಾಹ್ನ ಬೀಟ್ ಮಾಡಹೊರಟು ಕೈಸೋತವರೇ ಹೆಚ್ಚು.

ಸ್ಥಿರಕಾರಕಗಳ ಆಯ್ಕೆ

ಜಿಡ್ಡಿನ ಬೇಲಿಯ ನಡುವೆ ಇರುವ ನೀರಿನಂಶವನ್ನು ಹಿಡಿದಿಡುವುದು ಸ್ಥಿರಕಾರಕದ ಕೆಲಸ. ಅದಿಲ್ಲದಿದ್ದರೆ ಕೆಲವು ಗಂಟೆಗಳಲ್ಲಿ ನೀರು ಬಿಟ್ಟು ಕೇಕ್ ನೆನೆಯುತ್ತದೆ. 500 ಗ್ರಾಂ ಕೆನೆಗೆ ಬೇಕಾದ ಪ್ರಮಾಣ ಹೀಗಿದೆ.

ಜೆಲಾಟಿನ್: 5 ಗ್ರಾಂ ಪುಡಿಯನ್ನು 30 ಮಿ.ಲೀ. ತಣ್ಣೀರಿನಲ್ಲಿ 5 ನಿಮಿಷ ನೆನೆಸಿ, ಬಿಸಿನೀರಿನ ಮೇಲಿಟ್ಟು ಕರಗಿಸಿ. ಕುದಿಸಬಾರದು. ಇದು ಅತ್ಯಂತ ಗಟ್ಟಿಯಾದ ಆಧಾರ; ಫ್ರಿಜ್ಜಿನಲ್ಲಿ ಅಲಂಕಾರ ಒಂದೆರಡು ದಿನ ಕೆಡದೆ ನಿಲ್ಲುತ್ತದೆ. ಆದರೆ ಜೆಲಾಟಿನ್ ಪ್ರಾಣಿಜನ್ಯ ಪದಾರ್ಥ. ಮೊಟ್ಟೆ ಹಾಕದ ಕೇಕನ್ನು ಕೇಳಿ ಪಡೆಯುವ ಗ್ರಾಹಕರು ಅದನ್ನು ಸಸ್ಯಾಹಾರವೆಂದೇ ನಂಬಿರುತ್ತಾರೆ. ಜೆಲಾಟಿನ್ ಬಳಸಿದ ಕೇಕಿಗೆ ಮಾಂಸಾಹಾರ ಸೂಚಕ ಗುರುತು ಹಾಕುವುದು ಕಾನೂನಿನ ಅಗತ್ಯ. ಮುಂಚಿತವಾಗಿ ಬಾಯಿಮಾತಿನಲ್ಲಿಯೂ ತಿಳಿಸುವುದು ವಿಶ್ವಾಸದ ಮಾತು.

ಮೆಕ್ಕೆಜೋಳದ ಪಿಷ್ಟ: ಅಂಗಡಿಯಲ್ಲಿ ಇದನ್ನು ಕಾರ್ನ್‌ಫ್ಲೋರ್ ಎನ್ನುತ್ತಾರೆ. 100 ಗ್ರಾಂ ಕೆನೆಯನ್ನು ಬೇರೆ ತೆಗೆದು, ಅದಕ್ಕೆ 6 ಗ್ರಾಂ ಪಿಷ್ಟ ಮತ್ತು 50 ಗ್ರಾಂ ಸಕ್ಕರೆ ಪುಡಿ ಬೆರೆಸಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಗಟ್ಟಿಯಾಗುವವರೆಗೆ ಬೇಯಿಸಿ, ಪೂರ್ತಿ ತಣಿಸಿ. ಉಳಿದ 400 ಗ್ರಾಂ ಕೆನೆಗೆ ಇದನ್ನು ಸೇರಿಸಬೇಕು. ಫ್ರಿಜ್ಜಿನಲ್ಲಿ ಸುಮಾರು ಒಂದು ದಿನ ನಿಲ್ಲುತ್ತದೆ. ಸಸ್ಯಾಹಾರಿಗಳಿಗೆ ಇದೇ ಸೂಕ್ತ ವಿಧಾನ.

ಕೆನೆ ತೆಗೆದ ಹಾಲಿನ ಪುಡಿ: 15–20 ಗ್ರಾಂ. ಅದೇ ದಿನ ತಿನ್ನುವ ಸಿಹಿತಿನಿಸು, ಫ್ರೂಟ್ ಸಲಾಡ್‌ಗಳಿಗೆ ಇಷ್ಟು ಸಾಕು.

ಚೀನಾಗ್ರಾಸ್ ಸಸ್ಯಜನ್ಯವಾದರೂ ಇಲ್ಲಿ ಅನುಕೂಲಕರವಲ್ಲ. ಅದು ಬಿಸಿಯಿರುವಾಗಲೇ ಹೆಪ್ಪುಗಟ್ಟತೊಡಗುವುದರಿಂದ ತಣ್ಣನೆಯ ಕೆನೆಗೆ ತಾಗಿದೊಡನೆ ಎಳೆಎಳೆಯಾಗಿ ಗಂಟುಕಟ್ಟುತ್ತದೆ.

ಬೀಟ್ ಮಾಡುವ ಕ್ರಮ

1. ಸ್ಟೀಲ್ ಪಾತ್ರೆ ಹಾಗೂ ಬೀಟರಿನ ಕಡ್ಡಿಗಳನ್ನು ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಬೇಸಿಗೆಯಲ್ಲಿ ಪಾತ್ರೆಯನ್ನು ಉಪ್ಪು ಬೆರೆಸಿದ ಐಸಿನ ಮೇಲಿಟ್ಟು ಕೆಲಸ ಮಾಡಿ.

2. ಒಂದು ಸಲಕ್ಕೆ 500 ಗ್ರಾಂ ಕೆನೆಯನ್ನು ಮಾತ್ರ ತೆಗೆದುಕೊಳ್ಳಿ. ಹಾಲಿನ ಪುಡಿ ಹಾಕುವುದಾದರೆ ಆರಂಭದಲ್ಲಿಯೇ ಕರಗಿಸಿ.

3. ಮೊದಲು ನಿಧಾನವಾಗಿ, ನಂತರ ಮಧ್ಯಮ ವೇಗದಲ್ಲಿ ಬೀಟ್ ಮಾಡಿ. ಕಡ್ಡಿ ಎತ್ತಿದಾಗ ಕೆನೆಯ ತುದಿ ಎದ್ದು ಬಾಗುವ ಹದ ಬಂದಾಗ 50 ಗ್ರಾಂ ಸಕ್ಕರೆ ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಪಿಷ್ಟದ ವಿಧಾನದಲ್ಲಿ ಸಕ್ಕರೆ ಈಗಾಗಲೇ ಗಂಜಿಯಲ್ಲಿದೆ, ಮತ್ತೆ ಹಾಕಬೇಕಿಲ್ಲ.

4. ಸ್ಥಿರಕಾರಕವನ್ನು ಸೇರಿಸುವುದೂ ಇದೇ ಹದದಲ್ಲಿ. ಕರಗಿಸಿದ ಜೆಲಾಟಿನ್ ಉಗುರುಬೆಚ್ಚಗಿರುವಾಗ ಅದಕ್ಕೆ ಎರಡು ಚಮಚ ಕೆನೆ ಬೆರೆಸಿ, ನಂತರ ಸಣ್ಣ ಧಾರೆಯಾಗಿ ಸುರಿಯುತ್ತಾ ಬೀಟ್ ಮಾಡಿ. ತೀರ ಬಿಸಿಯಿದ್ದರೆ ಜಿಡ್ಡು ಕರಗುತ್ತದೆ. ತೀರ ತಣ್ಣಗಾಗಿದ್ದರೆ ದಾರದಂತೆ ಹೆಪ್ಪುಗಟ್ಟುತ್ತದೆ.

5. ತುದಿ ಬಾಗದೆ ನೆಟ್ಟಗೆ ನಿಲ್ಲುವ ಹದ ಬಂದೊಡನೆ ನಿಲ್ಲಿಸಿ. ಈ ಘಟ್ಟದಿಂದ ಬೆಣ್ಣೆಯಾಗಲು ಅರ್ಧ ನಿಮಿಷ ಸಾಕು. ಆದ್ದರಿಂದ ಕೊನೆಯ ಹಂತವನ್ನು ಕೈಯಿಂದ ಮಾಡುವುದು ಸುರಕ್ಷಿತ.

6. ಜೆಲಾಟಿನ್ ಹಾಕಿದ ಕೆನೆಯನ್ನು ಅದು ಬಿಗಿಯುವ ಮೊದಲೇ ಕೇಕಿಗೆ ಹಚ್ಚಿ ಫ್ರಿಜ್ಜಿನಲ್ಲಿಡಿ. ಪೈಪಿಂಗ್ ಬ್ಯಾಗನ್ನು ಅರ್ಧ ಮಾತ್ರ ತುಂಬಿ. ಅಂಗೈಯ ಬಿಸಿಗೆ ಒಳಗಿನ ಕೆನೆ ಇಳಿಯುತ್ತದೆ. ಕೇಕ್ ಪೂರ್ಣವಾಗಿ ಆರಿರಬೇಕು.

ಸಾಮಾನ್ಯ ತೊಂದರೆಗಳು

ಕೆನೆ ಗಟ್ಟಿಯಾಗದಿರುವುದು: ಜಿಡ್ಡು ಕಡಿಮೆ ಅಥವಾ ಕೆನೆ ಬೆಚ್ಚಗಿದೆ. ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಮತ್ತೆ ಪ್ರಯತ್ನಿಸಿ.

ಕಾಳುಕಾಳಾಗುವುದು: ಹದ ಮೀರಿದೆ. ಎರಡು ಮೂರು ಚಮಚ ಬೀಟ್ ಮಾಡದ ತಣ್ಣನೆಯ ಕೆನೆ ಹಾಕಿ ಕೈಯಿಂದ ಮೆಲ್ಲಗೆ ಮಗುಚಿ. ನೀರು ಬೇರ್ಪಟ್ಟಿದ್ದರೆ ಹಿಂದಕ್ಕೆ ತರಲಾಗದು. ಪೂರ್ತಿ ಬೆಣ್ಣೆಯಾಗಿಸಿ ಬಳಸಿ.

ಅನಾನಸ್ ಇಟ್ಟ ಜಾಗದಲ್ಲಿ ಕೆನೆ ನೀರಾಗುವುದು: ಹಸಿ ಅನಾನಸಿನಲ್ಲಿ ಬ್ರೊಮೆಲಿನ್, ಪಪ್ಪಾಯಿಯಲ್ಲಿ ಪಪಾಯಿನ್ ಎಂಬ ಕಿಣ್ವಗಳಿದ್ದು ಅವು ಜೆಲಾಟಿನನ್ನು ಕತ್ತರಿಸುತ್ತವೆ. ಈ ಹಣ್ಣುಗಳನ್ನು ಸಕ್ಕರೆ ಪಾಕದಲ್ಲಿ ಕುದಿಸಿ, ತಣಿಸಿ, ರಸ ಬಸಿದು ಬಳಸಿ. ಕುದಿಸಿದಾಗ ಕಿಣ್ವಗಳು ನಿಷ್ಕ್ರಿಯವಾಗುತ್ತವೆ.

ಸ್ಥಿರಕಾರಕದ ಮಿತಿ

ಹಾಲಿನ ಜಿಡ್ಡು ಸುಮಾರು 37 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗುತ್ತದೆ. ಅದಕ್ಕಿಂತ ಬಹಳ ಮೊದಲೇ ಮೃದುವಾಗಿ ಹಿಡಿತ ಬಿಡುತ್ತದೆ. ಜೆಲಾಟಿನ್ ಕೂಡ 30 ಡಿಗ್ರಿಯ ಆಸುಪಾಸಿನಲ್ಲಿ ಸಡಿಲವಾಗುತ್ತದೆ. ಆದುದರಿಂದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಯಾವ ಸ್ಥಿರಕಾರಕವೂ ಹಾಲಿನ ಕೆನೆಯನ್ನು ಬಯಲಿನ ಶಾಮಿಯಾನದಡಿ ಕಾಯಲಾರದು. ಅಂತಹ ಕಡೆ ಐಸ್ ಪೆಟ್ಟಿಗೆಯಲ್ಲಿ ಸಾಗಿಸಿ, ಕತ್ತರಿಸುವ ಹೊತ್ತಿಗೆ ಹೊರತೆಗೆಯುವ ಒಪ್ಪಂದದ ಮೇಲೆಯೇ ಆರ್ಡರ್ ತೆಗೆದುಕೊಳ್ಳಿ. ಫ್ರಿಜ್ ಅಥವಾ ಐಸ್ ವ್ಯವಸ್ಥೆ ಇಲ್ಲದವರು ಈ ಕಸುಬಿಗೆ ಕೈಹಾಕದಿರುವುದೇ ಲೇಸು.

ಕೆನೆ ನೋಡಲು ಗಟ್ಟಿಯಾಗಿದ್ದ ಮಾತ್ರಕ್ಕೆ ತಿನ್ನಲು ಯೋಗ್ಯವೆಂದು ಭಾವಿಸಬಾರದು. ಸ್ಥಿರಕಾರಕವು ಆಕಾರವನ್ನು ಕಾಯುತ್ತದೆಯೇ ಹೊರತು ರೋಗಾಣುಗಳನ್ನು ತಡೆಯುವುದಿಲ್ಲ. ಸಿದ್ಧಪಡಿಸಿದ ಕೆನೆಯನ್ನು 5 ಡಿಗ್ರಿಗಿಂತ ಕೆಳಗಿಟ್ಟು ಎರಡು ದಿನದೊಳಗೆ ಮುಗಿಸಿ. ಫ್ರಿಜ್ಜಿನ ಹೊರಗೆ ಎರಡು ಗಂಟೆ, ಕಡುಬೇಸಿಗೆಯಲ್ಲಿ ಒಂದು ಗಂಟೆ ಮೀರಿ ಇದ್ದ ಕೆನೆಯನ್ನು ಮಕ್ಕಳಿಗೆ ಬಡಿಸಬೇಡಿ. ಕೈಯಲ್ಲಿ ಗಾಯ ಅಥವಾ ಹುಣ್ಣು ಇದ್ದವರು ಕೆನೆ ಮುಟ್ಟಬಾರದು.

ಲಾಭದ ಲೆಕ್ಕ

ಶೇ. 36 ಜಿಡ್ಡಿನ 1 ಕಿ.ಗ್ರಾಂ ಕೆನೆಯಲ್ಲಿ 360 ಗ್ರಾಂ ಜಿಡ್ಡಿರುತ್ತದೆ. ಶೇ. 7 ಜಿಡ್ಡಿನ ಎಮ್ಮೆ ಹಾಲು ಇದಕ್ಕೆ ಸುಮಾರು 5.2 ಕಿ.ಗ್ರಾಂ ಬೇಕು, ಶೇ. 4ರ ಹಸುವಿನ ಹಾಲಾದರೆ ಸುಮಾರು 9.2 ಕಿ.ಗ್ರಾಂ. ಎಮ್ಮೆ ಹಾಲಿನಲ್ಲಿ ಸುಮಾರು 4 ಕಿ.ಗ್ರಾಂ ಕೆನೆ ತೆಗೆದ ಹಾಲು ಉಳಿಯುತ್ತದೆ. ಲೆಕ್ಕ ತೋರಿಸಲೆಂದು ಮಾತ್ರ ಹಾಲಿಗೆ ಕಿ.ಗ್ರಾಂಗೆ 50 ರೂ., ಉಳಿದ ಹಾಲಿನಿಂದ ಮಾಡಿದ ಮೊಸರು ಅಥವಾ ಮಜ್ಜಿಗೆಯ ಮೂಲಕ ಕಿ.ಗ್ರಾಂಗೆ 20 ರೂ. ಎಂದಿಟ್ಟುಕೊಂಡರೆ, ಹಾಲಿನ ವೆಚ್ಚ 260 ರೂ., ಮರಳಿ ಬರುವುದು 80 ರೂ.; ಕೆನೆಗೆ ಬೀಳುವುದು 180 ರೂ. ಇದಕ್ಕೆ ಸಕ್ಕರೆ, ಇಂಧನ, ಐಸ್ ಮತ್ತು ನಿಮ್ಮ ದುಡಿಮೆಯನ್ನು ಕೂಡಿಸಿ, ನಿಮ್ಮೂರಿನ ದರದಲ್ಲಿ ಲೆಕ್ಕ ಹಾಕಿ. ಉಳಿದ ಹಾಲಿಗೆ ಬೆಲೆ ದೊರಕಿಸಿಕೊಳ್ಳದವರಿಗೆ ಈ ಲೆಕ್ಕ ಕೈಕೊಡುತ್ತದೆ.

ಮಾರಾಟ ಮಾಡುವವರು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನೋಂದಣಿ ಪಡೆಯಬೇಕು. ಒಂದು ಮನೆಯ ಹಾಲು ಸಾಲದಿದ್ದಲ್ಲಿ ನಾಲ್ಕಾರು ಮಹಿಳೆಯರು ಸೇರಿ ಒಂದು ಕೆನೆ ಯಂತ್ರವನ್ನು ಕೊಳ್ಳುವುದು ಜಾಣತನ. ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆ ನೀಡುವಾಗ ಅಲಂಕಾರಕ್ಕಿಂತ ಮೊದಲು ಥರ್ಮಾಮೀಟರ್ ಬಳಕೆ ಮತ್ತು ತಂಪು ಕಾಯುವ ಕ್ರಮವನ್ನು ಕಲಿಸಬೇಕು. ಹೆಚ್ಚಿನ ತರಬೇತಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದ ಗೃಹವಿಜ್ಞಾನ ವಿಭಾಗವನ್ನು ಸಂಪರ್ಕಿಸಿ. ಮೊದಲ ಸಲ 500 ಗ್ರಾಂ ಕೆನೆಯಿಂದ ಮನೆಮಂದಿಗಾಗಿ ಮಾಡಿ ನೋಡಿ. ಹದ ಕೈಗೆ ಹತ್ತಿದ ಮೇಲೆ ಆರ್ಡರ್ ಒಪ್ಪಿಕೊಳ್ಳಿ.