ಪ್ರಶ್ನೆಯ ಗುರುತಾಗಿ ಹೋದ ಹೆಸರುಗಳು

ಈ ವರ್ಷದ ಸಂಚಿಕೆಗೆ ನನ್ನ ಉದ್ಯೋಗದ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಸಂತೋಷದ ಜೊತೆಗೆ ಸಂಕೋಚವೂ ಆಯಿತು. ಇದೇ ಕಾಲೇಜಿನಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿ ಹೊರಬಿದ್ದ ನಾನು, ಈಗ ಬೆಂಗಳೂರಿನಲ್ಲಿ ಡೇಟಾಬೇಸುಗಳ ನಡುವೆ ಮಾಹಿತಿಯನ್ನು ಸಾಗಿಸುವ ಪ್ರೋಗ್ರಾಮುಗಳನ್ನು ಬರೆದು ಜೀವನ ಸಾಗಿಸುತ್ತಿದ್ದೇನೆ. ವ್ಯಾಕರಣದ ತರಗತಿಯಲ್ಲಿ ಕುಳಿತವನಿಗೂ ಗಣಕಯಂತ್ರಕ್ಕೂ ಏನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಸಂಬಂಧ ಉಂಟು. ಅದನ್ನು ನಾನು ಅರಿತದ್ದು ಒಂದು ತಪ್ಪಿನಿಂದ; ಆ ತಪ್ಪು ನನ್ನದೇ. ಅದನ್ನು ಮುಂದಿಟ್ಟುಕೊಂಡು, ಈ ಕೆಲಸಕ್ಕೆ ಬರತಕ್ಕ ತರುಣ ತರುಣಿಯರಿಗೆ ಉಪಯೋಗವಾಗಬಹುದಾದ ಕೆಲವು ಮಾತುಗಳನ್ನು ಹೇಳುತ್ತೇನೆ.

ಡೇಟಾಬೇಸ್ ಎಂದರೆ ಕ್ರಮವಾಗಿ ಜೋಡಿಸಿಟ್ಟ ಮಾಹಿತಿಯ ಉಗ್ರಾಣ. ಮಾಹಿತಿಯನ್ನು ಸಾಲು ಮತ್ತು ಅಂಕಣಗಳುಳ್ಳ ಕೋಷ್ಟಕಗಳಲ್ಲಿ ಇಡುವ ಇಂದಿನ ಪದ್ಧತಿಗೆ ತಳಹದಿ ಹಾಕಿದ್ದು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು ೧೯೭೦ರಲ್ಲಿ ಪ್ರಕಟಿಸಿದ ಒಂದು ಪ್ರಬಂಧ. ದೊಡ್ಡ ಕಚೇರಿಯಲ್ಲಿ ಇಂಥ ಉಗ್ರಾಣಗಳು ಹಲವಿರುತ್ತವೆ. ಅರ್ಜಿಗಳು ಒಂದರಲ್ಲಿ, ಹಣದ ಲೆಕ್ಕ ಮತ್ತೊಂದರಲ್ಲಿ. ಒಂದರಿಂದ ಇನ್ನೊಂದಕ್ಕೆ ಕಾಗದ ಮುಟ್ಟಿಸುವ ಅಂಚೆಯವನ ಕೆಲಸವನ್ನು ಇಂಟಿಗ್ರೇಷನ್ ವೇದಿಕೆ ಎಂಬ ತಂತ್ರಾಂಶವು ಮಾಡುತ್ತದೆ. ಅಂಚೆಯವನಿಗೆ ವಿಳಾಸ ಗೊತ್ತಿದ್ದರೆ ಸಾಕು, ಕಾಗದದ ಒಳಗಿನ ಭಾಷೆ ಗೊತ್ತಿರಬೇಕಾದುದಿಲ್ಲವೆಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯೇ ನನ್ನನ್ನು ಕೆಡಿಸಿತು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿವೇತನದ ಅರ್ಜಿಗಳನ್ನು ಒಂದು ಡೇಟಾಬೇಸಿನಿಂದ ಮತ್ತೊಂದಕ್ಕೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಿತು. ಇಂಗ್ಲಿಷಿನಲ್ಲಿ ಬರೆದ ಕೆಲವು ಹೆಸರುಗಳಿಂದ ಪರೀಕ್ಷೆ ಮಾಡಿದೆ, ಸರಿಯಾಗಿ ಹೋದವು. ರಾತ್ರಿ ಪ್ರೋಗ್ರಾಮನ್ನು ಓಡಿಸಿ ಮನೆಗೆ ಹೋದೆ. ಬೆಳಿಗ್ಗೆ ವರದಿಯಲ್ಲಿ ಎಲ್ಲ ಸಾಲುಗಳೂ ತಲಪಿದುವೆಂದೂ, ದೋಷವೊಂದೂ ಇಲ್ಲವೆಂದೂ ಬರೆದಿತ್ತು. ಜಾಗ ಉಳಿಸುವ ಉತ್ಸಾಹದಲ್ಲಿ ಕಳುಹಿಸಿದ ಮೂಲ ಕಡತವನ್ನು ಅಳಿಸಿಹಾಕುವಂತೆಯೂ ನಾನು ಮೊದಲೇ ಏರ್ಪಾಡು ಮಾಡಿದ್ದೆ.

ಒಂದು ವಾರದ ಮೇಲೆ ಒಬ್ಬ ವಿದ್ಯಾರ್ಥಿನಿ ತನ್ನ ಮಂಜೂರಾತಿ ಪತ್ರವನ್ನು ಹಿಡಿದುಕೊಂಡು ಬಂದಳು. ಅದರಲ್ಲಿ ಹೆಸರಿನ ಜಾಗದಲ್ಲಿ ನಾಲ್ಕು ಪ್ರಶ್ನೆಯ ಗುರುತು, ಸ್ವಲ್ಪ ತೆರಪು, ಮತ್ತೆ ಆರು ಪ್ರಶ್ನೆಯ ಗುರುತು. ಬ್ಯಾಂಕಿನವರು ಹಣ ಕೊಡಲು ಒಪ್ಪಿರಲಿಲ್ಲ. ಕಚೇರಿಯವರಿಗೆ ತನ್ನ ಅರ್ಹತೆಯ ಮೇಲೆ ಸಂಶಯ ಬಂದು ಹಾಗೆ ಗುರುತು ಹಾಕಿರಬೇಕೆಂದು ಆ ಹುಡುಗಿ ತಿಳಿದಿದ್ದಳು. "ನಾನು ಯಾವ ದಾಖಲೆ ತರಬೇಕು?" ಎಂದು ಅಂಜುತ್ತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಕನ್ನಡದಲ್ಲಿ ಬರೆದಿದ್ದ ಎಲ್ಲ ಹೆಸರುಗಳ ಗತಿಯೂ ಅದೇ ಆಗಿತ್ತು. ಕೊನೆಗೆ ಕಾಗದದ ಅರ್ಜಿಗಳನ್ನು ಕಟ್ಟುಬಿಚ್ಚಿ ತರಿಸಿ, ನಾವು ಮೂವರು ಹನ್ನೊಂದು ದಿನ ಕುಳಿತು ಹೆಸರುಗಳನ್ನು ಮತ್ತೆ ಬೆರಳಚ್ಚು ಮಾಡಿದೆವು.

ಹಾಗಾದರೆ ಹೆಸರುಗಳು ಎಲ್ಲಿ ಹೋದುವು? ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುವುದು. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬ ಪಟ್ಟಿಯನ್ನು ನಾವು ಹೇಳಿಕೊಡಬೇಕು. ಹಳೆಯ ಪಟ್ಟಿಗಳಲ್ಲಿ ಇದ್ದುದು ೨೫೬ ಮನೆಗಳು. ಪಶ್ಚಿಮ ಯೂರೋಪಿನ ಲಿಪಿಗೆಂದು ಮಾಡಿದ ಪಟ್ಟಿಯಲ್ಲಿ ಕನ್ನಡಕ್ಕೆ ಸ್ಥಳವಿಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿಯಾದ ಯೂನಿಕೋಡ್‌ನ ಮೊದಲ ಆವೃತ್ತಿ ೧೯೯೧ರಲ್ಲಿ ಹೊರಬಂದಾಗಲೇ ಅದರಲ್ಲಿ ಕನ್ನಡವೂ ಸೇರಿತ್ತು. ಅದಕ್ಕೆ ಮೀಸಲಾದವು ೧೨೮ ಮನೆಗಳು. ನಾನು ಸಾಗಿಸಿದ ಹೆಸರುಗಳು ಯೂನಿಕೋಡ್‌ನಲ್ಲಿದ್ದವು. ಹೋಗಿ ಸೇರಿದ ಅಂಕಣವು ಹಳೆಯ ಪಟ್ಟಿಯದಾಗಿತ್ತು. ತನ್ನ ಪಟ್ಟಿಯಲ್ಲಿಲ್ಲದ ಒಂದೊಂದು ಅಂಕೆಗೂ ಯಂತ್ರವು ಒಂದೊಂದು ಪ್ರಶ್ನೆಯ ಗುರುತನ್ನು ಬರೆದು, ಕೆಲಸ ಮುಗಿಯಿತೆಂದು ವರದಿ ಮಾಡಿತು.

ಇಲ್ಲಿ ವ್ಯಾಕರಣ ನೆರವಿಗೆ ಬರುತ್ತದೆ. 'ಕನ್ನಡ' ಎಂಬ ಪದ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಅದು ಕ, ನ, ಸ್ವರವನ್ನು ತೆಗೆದುಹಾಕುವ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳು. ಯುಟಿಎಫ್-೮ ಎಂಬ ಬರಹದ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕಾದುದರಿಂದ ಒಟ್ಟು ೧೫ ಬೈಟ್. ಸಂಯುಕ್ತಾಕ್ಷರವನ್ನು ಬಿಡಿಸಿ ನೋಡಲು ಕಲಿತವನಿಗೆ ಈ ಲೆಕ್ಕ ಕಷ್ಟವಲ್ಲ.

ಇನ್ನು ಅನುಭವದಿಂದ ಕಲಿತ ಸೂಚನೆಗಳನ್ನು ಹೇಳುತ್ತೇನೆ.

ಮೊದಲನೆಯದು, ರೋಗದ ಲಕ್ಷಣವನ್ನು ಗುರುತಿಸುವುದು. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಆ ಯಂತ್ರದಲ್ಲಿ ಕನ್ನಡದ ಫಾಂಟ್ ಇಲ್ಲವೆಂದು ಬಗೆಯಬಹುದು. ಸಾಮಾನ್ಯವಾಗಿ ಮಾಹಿತಿ ಕ್ಷೇಮವಾಗಿರುತ್ತದೆ. ತಲೆಯ ಮೇಲೆ ಓರೆಗೆರೆಯುಳ್ಳ ಇಂಗ್ಲಿಷಿನ 'ಎ' ಅಕ್ಷರ ಮತ್ತೆ ಮತ್ತೆ ಕಂಡರೆ, ಯುಟಿಎಫ್-೮ರಲ್ಲಿ ಬರೆದುದನ್ನು ಬೇರೆ ಪಟ್ಟಿಯಿಂದ ಓದುತ್ತಿದ್ದಾರೆಂದು ಅರ್ಥ. ಕೂಡಲೇ ಕೆಲಸ ನಿಲ್ಲಿಸಿದರೆ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಪ್ರಶ್ನೆಯ ಗುರುತು ಕಂಡರೆ ಒಳಗಿನ ಅಂಕೆಯನ್ನೇ ನೋಡಬೇಕು. ಮೈಎಸ್‌ಕ್ಯೂಎಲ್‌ನಲ್ಲಿ 'ಹೆಕ್ಸ್', ಓರಕಲ್‌ನಲ್ಲಿ 'ಡಂಪ್' ಎಂಬ ಆಜ್ಞೆಗಳು ಅದನ್ನು ತೋರಿಸುತ್ತವೆ. ಪ್ರಶ್ನೆಯ ಗುರುತಿನ ಸಂಕೇತವಾದ ೬೩ (ಹದಿನಾರರ ಎಣಿಕೆಯಲ್ಲಿ ೩ಎಫ್) ಅಲ್ಲಿದ್ದರೆ ಹೆಸರು ಹೋಯಿತು. ಮೂಲದಿಂದ ಮತ್ತೆ ತರುವುದಲ್ಲದೆ ಬೇರೆ ಮದ್ದಿಲ್ಲ.

ಎರಡನೆಯದು, ದಾರಿಯ ಪ್ರತಿಯೊಂದು ಬಾಗಿಲಲ್ಲೂ ಪಟ್ಟಿಯ ಹೆಸರನ್ನು ಬಾಯಿಬಿಟ್ಟು ಹೇಳುವುದು. ಕಡತ, ಸಂಪರ್ಕ, ಸಂದೇಶ, ಅಂಕಣ, ಇವುಗಳಲ್ಲಿ ಒಂದು ತಪ್ಪಿದರೂ ಉಳಿದವು ಸರಿಯಿದ್ದು ಫಲವಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಅಂಕಣವನ್ನು 'ಎನ್‌ವಾರ್‌ಚಾರ್' ಎಂದು ಮಾಡಿದರಷ್ಟೇ ಸಾಲದು. ಆಜ್ಞೆಯೊಳಗೆ ನೇರವಾಗಿ ಬರೆಯುವ ಕನ್ನಡ ಪದದ ಉದ್ಧರಣ ಚಿಹ್ನೆಯ ಮುಂದೆ 'ಎನ್' ಅಕ್ಷರವನ್ನೂ ಇಡಬೇಕು. ಇಡದಿದ್ದರೆ ಪದವು ಅಂಕಣವನ್ನು ಮುಟ್ಟುವ ಮೊದಲೇ ಹಳೆಯ ಪಟ್ಟಿಯ ಮೂಲಕ ಹಾಯ್ದು ಕೆಡಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಬಹುಕಾಲ 'ಯುಟಿಎಫ್೮' ಎಂದು ಕರೆದದ್ದು ಮೂರು ಬೈಟ್‌ಗಳವರೆಗೆ ಮಾತ್ರ ಹಿಡಿಯುವಂಥದು. ಕನ್ನಡ ಅದರಲ್ಲಿ ಹಿಡಿಸಿದರೂ ಇಮೋಜಿ ಹಿಡಿಸದು. ಆದುದರಿಂದ 'ಯುಟಿಎಫ್೮ಎಂಬಿ೪' ಎಂಬುದನ್ನೇ ಆರಿಸತಕ್ಕದ್ದು. ಜಾವಾ ಭಾಷೆಯಲ್ಲಿ ೨೦೨೨ರಲ್ಲಿ ಬಂದ ೧೮ನೆಯ ಆವೃತ್ತಿಯಿಂದ ಯುಟಿಎಫ್-೮ ತಾನಾಗಿಯೇ ಅನ್ವಯಿಸುತ್ತದೆ. ಅದಕ್ಕೆ ಹಿಂದಿನ ಆವೃತ್ತಿಗಳು ಆಯಾ ಯಂತ್ರದ ಏರ್ಪಾಡನ್ನು ಅನುಸರಿಸುತ್ತಿದ್ದುದರಿಂದ, ನಮ್ಮ ಮೇಜಿನ ಮೇಲೆ ಸರಿಯಾಗಿ ನಡೆದ ಪ್ರೋಗ್ರಾಂ ಸರ್ವರ್‌ಗೆ ಹೋದ ಮೇಲೆ ಕೈಕೊಡುತ್ತಿತ್ತು.

ಮೂರನೆಯದು, ಅಂಕಣದ ಅಗಲವನ್ನು ಯಾವುದರಿಂದ ಅಳೆಯುತ್ತೇವೆಂಬುದನ್ನು ವಿಚಾರಿಸುವುದು. ಓರಕಲ್‌ನಲ್ಲಿ ಬೇರೆ ಏರ್ಪಾಡು ಮಾಡದಿದ್ದರೆ ಅಳತೆ ಬೈಟ್‌ಗಳಲ್ಲಿ ನಡೆಯುತ್ತದೆ. ಯುಟಿಎಫ್-೮ ಡೇಟಾಬೇಸಿನಲ್ಲಿ ೩೦ ಎಂದು ಬರೆದ ಅಂಕಣಕ್ಕೆ ಮೂವತ್ತು ಇಂಗ್ಲಿಷ್ ಅಕ್ಷರ ಹಿಡಿಸಿದರೆ, ಕನ್ನಡದ ಸಂಕೇತ ಹತ್ತು ಮಾತ್ರ. 'ಚಾರ್' ಎಂದು ಸ್ಪಷ್ಟವಾಗಿ ಬರೆದು ಸಂಕೇತಗಳಲ್ಲಿ ಅಳೆಯುವುದು ಲೇಸು.

ನಾಲ್ಕನೆಯದು, ಹೆಸರಿನಿಂದ ಹೆಸರನ್ನು ಹೊಂದಿಸಿ ನೋಡುವಾಗ ಎಚ್ಚರವಾಗಿರುವುದು. 'ಕೊ' ಎಂಬಲ್ಲಿನ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ ಮತ್ತು ದೀರ್ಘ ಉಕಾರಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಅಂಕೆಗಳನ್ನೇ ಹೋಲಿಸುವ ಯಂತ್ರಕ್ಕೆ ಬೇರೆ ಬೇರೆ. 'ರಾಜ್‌ಕುಮಾರ್' ಎಂದು ಒತ್ತಕ್ಷರವಾಗದಂತೆ ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿರುತ್ತದೆ. ಆದುದರಿಂದ ಹೆಸರುಗಳನ್ನು ಒಳಗೆ ಬಿಟ್ಟುಕೊಳ್ಳುವಾಗಲೇ 'ಎನ್‌ಎಫ್‌ಸಿ' ಎಂಬ ಒಂದೇ ರೂಪಕ್ಕೆ ತರಬೇಕು. ಅದೃಶ್ಯ ಸಂಕೇತಗಳ ವಿಷಯದಲ್ಲಿ ನಿಯಮ ಮಾಡಿಕೊಳ್ಳಬೇಕು. ಎರಡು ಕೋಷ್ಟಕಗಳನ್ನು ಜೋಡಿಸುವಾಗಲಂತೂ ಹೆಸರನ್ನು ನಂಬದೆ ಅರ್ಜಿಯ ಸಂಖ್ಯೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ಐದನೆಯದು, ಒಂದು ಸಂದೇಶ ಎರಡು ಸಲ ಬರಬಹುದೆಂದು ಮೊದಲೇ ತಿಳಿದಿರುವುದು. ಕಳುಹಿಸಿದವನಿಗೆ ಉತ್ತರ ಬಾರದಿದ್ದರೆ, ಕಾಗದ ದಾರಿಯಲ್ಲಿ ಕಳೆಯಿತೋ ಉತ್ತರವೇ ಕಳೆಯಿತೋ ತಿಳಿಯದು. ಅವನು ಮತ್ತೆ ಕಳುಹಿಸುತ್ತಾನೆ. ನಾವು ಹೆಸರುಗಳನ್ನು ಮರಳಿ ತುಂಬಿಸುವಾಗ ಕೆಲವು ಅರ್ಜಿಗಳು ಹೀಗೆಯೇ ಎರಡು ಸಲ ಸೇರಿ, ಎರಡು ಸಲ ಹಣ ಹೋಗುವ ಸ್ಥಿತಿ ಬಂದಿತ್ತು. ಅರ್ಜಿಯ ಸಂಖ್ಯೆ ಎರಡನೆಯ ಸಲ ಬರಕೂಡದೆಂಬ ನಿಬಂಧನೆಯನ್ನು ಡೇಟಾಬೇಸಿನಲ್ಲಿಯೇ ಹಾಕಿದರೆ ಈ ಭಯವಿಲ್ಲ. ಓದಲಾಗದ ಸಂದೇಶಗಳನ್ನು ಎಸೆಯದೆ ಪ್ರತ್ಯೇಕ ಸಾಲಿನಲ್ಲಿಟ್ಟು, ಅದನ್ನು ದಿನವೂ ಒಬ್ಬರು ನೋಡುವಂತೆ ಮಾಡಬೇಕು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು: ಯಂತ್ರದ ಮೌನವನ್ನು ಯಶಸ್ಸೆಂದು ತಿಳಿಯಬಾರದು. ವರದಿಯು ಸಾಲುಗಳನ್ನು ಎಣಿಸಿತೇ ಹೊರತು ಹೆಸರುಗಳನ್ನು ಓದಲಿಲ್ಲ. ಈಗ ನಾನು ಪ್ರತಿ ಪರೀಕ್ಷೆಯಲ್ಲೂ ಒತ್ತಕ್ಷರವಿರುವ ಒಂದು ಉದ್ದವಾದ ಕನ್ನಡದ ಹೆಸರನ್ನು ಸೇರಿಸುತ್ತೇನೆ. ಸಾಗಿಸಿದ ಮೇಲೆ ಹೆಸರಿನ ಅಂಕಣದಲ್ಲಿ ಪ್ರಶ್ನೆಯ ಗುರುತು ಎಷ್ಟಿವೆಯೆಂದು ಹುಡುಕಿಸುತ್ತೇನೆ. ಮನುಷ್ಯರೊಬ್ಬರು ಕೆಲವು ಸಾಲುಗಳನ್ನು ಕಣ್ಣಾರೆ ಓದಿ ಒಪ್ಪುವ ತನಕ ಮೂಲ ಕಡತವನ್ನು ಅಳಿಸುವುದಿಲ್ಲ.

ಆ ವಿದ್ಯಾರ್ಥಿನಿಗೆ ಹಣ ತಡವಾಗಿಯಾದರೂ ತಲಪಿತು. ತಿದ್ದಿದ ಪತ್ರವನ್ನು ಕೊಟ್ಟಾಗ ಆಕೆ ಮೊದಲು ನೋಡಿದ್ದು ಮೊತ್ತವನ್ನಲ್ಲ, ತನ್ನ ಹೆಸರನ್ನು. ಈ ಕಾಲೇಜಿನಲ್ಲಿ ಕನ್ನಡ ಓದುತ್ತಿರುವ ಮಿತ್ರರಲ್ಲಿ ಯಾರಾದರೂ ಮುಂದೆ ಈ ಉದ್ಯೋಗಕ್ಕೆ ಬಂದರೆ, ವ್ಯಾಕರಣದ ಪುಸ್ತಕವನ್ನು ಮನೆಯಲ್ಲಿ ಬಿಟ್ಟು ಬರಬೇಡಿರೆಂದು ನನ್ನ ವಿನಂತಿ.