ನಡುವಿನ ಎರಡು ರೀಲು

ತೊಗರಿ ರಾಶಿ ಮುಗಿದು ಜಾತ್ರೆಗಳ ಸಾಲು ಶುರುವಾಯಿತೆಂದರೆ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಈಗಲೂ ಅಟ್ಟ ಕಟ್ಟಿ ನಾಟಕ ಆಡುತ್ತಾರೆ. ಪೇಟಿ ಮಾಸ್ತರರು ಬೇರೆ ಊರಿನಿಂದ ಬರುತ್ತಾರೆ; ಬಣ್ಣ ಹಚ್ಚುವವರು ಊರವರೇ. ಹರಿಶ್ಚಂದ್ರನ ಆಟವಾದರೆ ಸುಡುಗಾಡಿನ ಸೀನು ಬರುವ ಮೊದಲೇ ಮುಂದೆ ಕೂತ ಮುದುಕಿಯರ ಸೆರಗು ಕಣ್ಣಿಗೆ ಹೋಗಿರುತ್ತದೆ. ಶಿವ ಬಂದು ಮಗನನ್ನು ಎಬ್ಬಿಸುತ್ತಾನೆಂದು ಅವರಿಗೆ ಗೊತ್ತಿಲ್ಲವೇ? ಗೊತ್ತಿದ್ದೇ ಅಳುತ್ತಾರೆ.

ದಾದಾಸಾಹೇಬ ಫಾಲ್ಕೆಯವರ ಮೂಕಿ ಚಿತ್ರ ‘ರಾಜಾ ಹರಿಶ್ಚಂದ್ರ’ವನ್ನು ಇವತ್ತಿನ ಗ್ರಾಫಿಕ್ಸ್, ಇವತ್ತಿನ ಸದ್ದಿನೊಂದಿಗೆ ಮತ್ತೆ ತೆಗೆಯಬಾರದೇಕೆ ಎಂದು ಗೆಳೆಯರೊಬ್ಬರು ಕೇಳಿದಾಗ ನನಗೆ ಆ ಮುದುಕಿಯರೇ ನೆನಪಾದರು.

ಈ ಪ್ರಶ್ನೆ ಸ್ವತಃ ಫಾಲ್ಕೆಯವರಷ್ಟೇ ಹಳೆಯದು. 1913ರ ಮೇ 3ರಂದು ಮುಂಬೈನ ಕಾರೋನೇಷನ್ ಸಿನಿಮಾಟೋಗ್ರಾಫ್‌ನಲ್ಲಿ ತೆರೆಕಂಡ ನಾಲ್ಕು ರೀಲಿನ ಆ ಚಿತ್ರವನ್ನು 1917ರಲ್ಲಿ ಅವರೇ ಇನ್ನೊಮ್ಮೆ ತೆಗೆದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿರುವುದು ಮೊದಲ ಮತ್ತು ಕೊನೆಯ ರೀಲು ಮಾತ್ರ. ಅವೂ 1917ರವೇ ಎನ್ನುತ್ತಾರೆ ಕೆಲವು ಚಿತ್ರ ಇತಿಹಾಸಕಾರರು. ಅವರ ಮಾತು ನಿಜವಾದರೆ ಭಾರತದ ಮೊದಲ ಕಥಾಚಿತ್ರವೆಂದು ನಾವು ಕಣ್ಣರಳಿಸಿ ನೋಡುತ್ತಿರುವುದೇ ಒಂದು ರೀಮೇಕು.

ಮೊದಲ ಸಲ ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಸಿಗಲಿಲ್ಲ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿಗೆ ದುಡಿಯುತ್ತಿದ್ದ ಅಣ್ಣಾ ಸಾಳುಂಕೆಯನ್ನು 15 ರೂಪಾಯಿ ಕೊಡುತ್ತೇನೆಂದು ಕರೆತಂದರು. ಸಾಯುವ ಹುಡುಗನ ಪಾತ್ರಕ್ಕೆ ಯಾವ ತಾಯಿ ಮಗನನ್ನು ಕಳಿಸುತ್ತಾಳೆ? ಫಾಲ್ಕೆ ತಮ್ಮ ಮಗ ಭಾಲಚಂದ್ರನನ್ನೇ ನಿಲ್ಲಿಸಿದರು. ಇಡೀ ತಂಡಕ್ಕೆ ಅನ್ನ ಬೇಯಿಸಿ ಹಾಕಿದವರು ಹೆಂಡತಿ ಸರಸ್ವತಿಬಾಯಿ. ಈ ಪಾಡನ್ನೇ ಪರೇಶ್ ಮೊಕಾಶಿ 2009ರಲ್ಲಿ ‘ಹರಿಶ್ಚಂದ್ರಾಚಿ ಫ್ಯಾಕ್ಟರಿ’ ಎಂಬ ಮರಾಠಿ ಚಿತ್ರವಾಗಿಸಿದರು. ಚಿತ್ರ ಬಿಟ್ಟು ಚಿತ್ರ ತೆಗೆದವನ ಹಿಂದೆ ಬಿದ್ದದ್ದು ಜಾಣತನ.

ಕನ್ನಡದ ಹರಿಶ್ಚಂದ್ರನಿಗೆ ಫಾಲ್ಕೆಯ ಹಂಗಿಲ್ಲ. ಹಂಪೆಯ ರಾಘವಾಂಕನ ಕಾವ್ಯದಿಂದ ಬಂದವನು ಅವನು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ‘ಸತ್ಯ ಹರಿಶ್ಚಂದ್ರ’ ತೆಗೆದಾಗ ರಾಜಕುಮಾರ್, ಪಂಢರಿಬಾಯಿ, ನಕ್ಷತ್ರಿಕನಾದ ನರಸಿಂಹರಾಜು, ಎಲ್ಲರೂ ಆ ಕಾವ್ಯದ ಮನೆಯವರಂತೆಯೇ ಕಂಡರು. 2008ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ನೋಡಿದೆ. ಕಪ್ಪುಬಿಳುಪಿನ ಸುಡುಗಾಡೇ ನನಗೆ ಹೆಚ್ಚು ಸುಟ್ಟಿತ್ತು.

ಮೂಕಿ ಚಿತ್ರ ನಮ್ಮ ಭಾಗಕ್ಕೆ ದೂರದ ಮಾತೂ ಆಗಿರಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಆಗ ನಿಜಾಮರ ರಾಜ್ಯದಲ್ಲಿದ್ದವು. 1922ರಲ್ಲಿ ಧೀರೇಂದ್ರನಾಥ ಗಂಗೂಲಿ ಹೈದರಾಬಾದಿಗೆ ಬಂದು, ನಿಜಾಮರ ಆಸರೆಯಲ್ಲೇ ಲೋಟಸ್ ಫಿಲ್ಮ್ ಕಂಪನಿ ಕಟ್ಟಿದರು. 1924ರಲ್ಲಿ ‘ರಜಿಯಾ ಬೇಗಂ’ ತೋರಿಸಿದ್ದೇ ತಡ, ಮುಸ್ಲಿಂ ರಾಣಿ ಹಿಂದೂ ಪ್ರಜೆಯನ್ನು ಪ್ರೀತಿಸುವ ಕಥೆಗೆ ಸಿಟ್ಟಾದ ದೊರೆ ಗಂಗೂಲಿಯವರನ್ನು ರಾಜ್ಯದಿಂದಲೇ ಹೊರಹಾಕಿದರು. ಮಾತೇ ಇಲ್ಲದ ಚಿತ್ರ ಅರಮನೆಗೆ ಅಷ್ಟು ಜೋರಾಗಿ ಕೇಳಿಸಿತ್ತು! ಅದೇ ರಾಣಿಯ ಮೇಲೆ ಕಮಾಲ್ ಅಮ್ರೋಹಿ 1983ರಲ್ಲಿ ಹಣದ ಹೊಳೆ ಹರಿಸಿ ‘ರಜಿಯಾ ಸುಲ್ತಾನ್’ ತೆಗೆದರು. ಹೇಮಾಮಾಲಿನಿ ಇದ್ದರು, ಖಯ್ಯಾಮರ ಸಂಗೀತವಿತ್ತು. ಹಾಡುಗಳು ಉಳಿದವು, ಚಿತ್ರ ಮಲಗಿತು.

ಅದಕ್ಕೇ ಗೆಳೆಯರಿಗೆ ಹೇಳಿದೆ: ಮತ್ತೆ ತೆಗೆಯುವುದು ಬೇಡ, ಇದ್ದದ್ದನ್ನು ತಂದು ತೋರಿಸಿರಿ. ಭೀಮಾ ದಂಡೆಯ ಯಾವುದಾದರೂ ಜಾತ್ರೆಯಲ್ಲಿ, ಗಾಣಗಾಪುರದಲ್ಲಾದರೆ ಇನ್ನೂ ಚೆಂದ, ಅಟ್ಟದ ಮೇಲೆ ಬಿಳಿ ಪರದೆ ಕಟ್ಟಿ. ಬದಿಗೆ ಪೇಟಿ, ತಬಲಾ. ಮೊದಲ ರೀಲು ಓಡಲಿ: ರಾಜ ಬೇಟೆಗೆ ಹೋಗಲಿ, ಋಷಿಯ ಯಜ್ಞಕ್ಕೆ ಅಡ್ಡ ಬರಲಿ. ಅಲ್ಲಿಗೆ ಪರದೆ ಎತ್ತಿರಿ. ಕಳೆದುಹೋದ ನಡುವಿನ ಎರಡು ರೀಲನ್ನು ಊರ ಕಲಾವಿದರು ಆಡಲಿ. ಕಾಶಿಯ ಬೀದಿ, ಹೆಂಡತಿಯ ಮಾರಾಟ, ಸಾಲ ವಸೂಲಿಗೆ ಬೆನ್ನು ಬಿದ್ದ ನಕ್ಷತ್ರಿಕ, ಹರಿಶ್ಚಂದ್ರನ ಒಡೆಯನಾದ ವೀರಬಾಹುಕ, ಇವೆಲ್ಲ ಅವರಿಗೆ ಬಾಯಿಪಾಠ. ನಕ್ಷತ್ರಿಕನ ಪಾತ್ರಧಾರಿ ನಾಲ್ಕು ಮಾತು ಹೆಚ್ಚೇ ಆಡಿದರೂ ಫಾಲ್ಕೆ ಬೇಸರಪಡಲಿಕ್ಕಿಲ್ಲ. ಆಮೇಲೆ ಪರದೆ ಇಳಿಸಿ ಕೊನೆಯ ರೀಲು.

ಒಂದೇ ತೊಡಕು. ಚಿತ್ರದ ನಡುವೆ ಬರುವ ಬರಹ ಹಿಂದಿ, ಇಂಗ್ಲಿಷಿನಲ್ಲಿದೆ. ಯಾರಾದರೂ ಓದಿ ಹೇಳಬೇಕು. ಆದರೆ ಯಾವ ಹೆಸರು ಹಿಡಿದು? ಆಳಂದದಾಚೆ ಖಜೂರಿಯ ಗಡಿಯಲ್ಲಿ ಮರಾಠಿ ಕಿವಿಗಳಿಗೆ ಹರಿಶ್ಚಂದ್ರನ ಹೆಂಡತಿ ತಾರಾಮತಿ, ಮಗ ರೋಹಿದಾಸ. ಜೇವರ್ಗಿಯಲ್ಲಿ ಚಂದ್ರಮತಿ, ಲೋಹಿತಾಶ್ವ. ಗೆಳೆಯರು ಅದಕ್ಕೇನು ಮಾಡುತ್ತೀರಿ ಅಂದರು. ಖಜೂರಿಯಲ್ಲಿ ಒಂದು ರಾತ್ರಿ ಹಾಗೆ, ಜೇವರ್ಗಿಯಲ್ಲಿ ಒಂದು ರಾತ್ರಿ ಹೀಗೆ, ಅಂದೆ. ಪರದೆಯ ಮೇಲಿನ ಹರಿಶ್ಚಂದ್ರನ ತುಟಿ ಎರಡೂ ಹೆಸರಿಗೆ ಹೊಂದುತ್ತದೆ.